ತಾರೀಖು ಹಾಕದ ರಾಜೀನಾಮೆ ಪತ್ರ

2024ರ ನವೆಂಬರ್ 6, ಬುಧವಾರ. ಬೆಳಗ್ಗೆ ಆರಕ್ಕೇ ಸ್ಟುಡಿಯೋದಲ್ಲಿ ಕೂತಿದ್ದೆ. ಅಮೆರಿಕದ ಎಲೆಕ್ಷನ್ ಕೌಂಟಿಂಗ್. ಬೆನ್ನ ಹಿಂದಿನ ಗೋಡೆ ತುಂಬಾ ಕೆಂಪು, ನೀಲಿ ನಕ್ಷೆ. ಕಿವಿಯಲ್ಲಿ ಪ್ರೊಡ್ಯೂಸರ್, "ಸಾರ್, ಮ್ಯಾಜಿಕ್ ನಂಬರ್ 270, ಇನ್ನು ಸ್ವಲ್ಪವೇ ಬಾಕಿ, ಬ್ರೇಕ್ ತಗೋಬೇಡಿ" ಅಂತ ಒಂದೇ ಸಮ. ಮಧ್ಯಾಹ್ನದ ಹೊತ್ತಿಗೆ ಡೊನಾಲ್ಡ್ ಟ್ರಂಪ್ ಮತ್ತೆ ಗೆದ್ದರು. ಸೆನೆಟ್ ಕೂಡ ಅವರ ಪಕ್ಷಕ್ಕೇ ಬಂತು. ಒಂದು ವಾರ ಕಳೆಯುವಷ್ಟರಲ್ಲಿ ಕೆಳಮನೆಯೂ ಅವರದ್ದೇ ಅಂತ ಖಾತ್ರಿಯಾಯ್ತು.

ಆ ಸಂಜೆ ಫೋನ್-ಇನ್‌ನಲ್ಲಿ ತುಮಕೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: "ಸಾರ್, ಅಧ್ಯಕ್ಷರೂ ಅವರೇ, ಸಭೆಗಳೂ ಅವರವೇ ಆಗೋ ಹಾಗಿದೆ. ಇನ್ನು ಆ ಪಕ್ಷದೋರು ಏನು ಬೇಕಾದ್ರೂ ಮಾಡಬಹುದಲ್ವಾ? ತಡೆಯೋರು ಯಾರು?"

ನಾನು ಟಿವಿಯವರು ಹೇಳೋದನ್ನೇ ಹೇಳಿದೆ. ಕಾದು ನೋಡೋಣ, ಒಂದು ಚಿಕ್ಕ ವಿರಾಮದ ನಂತರ ಮತ್ತೆ ಬರ್ತೀನಿ ಅಂದೆ. ಮನೆಗೆ ಹೋಗುವಾಗ ನನಗೇ ನಾಚಿಕೆಯಾಯ್ತು. ಮೇಷ್ಟ್ರು ಕೇಳಿದ್ದು ಒಳ್ಳೇ ಪ್ರಶ್ನೆ. ಮುಂದೇನಾಗುತ್ತೆ ಅಂತ ಹೇಳೋಕೆ ನನಗೆ ಶಕುನ ಬರಲ್ಲ, ನಿಜ. ಆದರೆ ಹಿಂದೆ ಏನಾಗಿತ್ತು ಅಂತ ಹೇಳಬಹುದಿತ್ತಲ್ಲ? ಎರಡನೇ ಸಲ ಗೆದ್ದ ಅಧ್ಯಕ್ಷ, ಹಿಂದೆ ದೈತ್ಯ ಬಹುಮತದ ಪಕ್ಷ. ಇಂಥ ಸಂದರ್ಭ ಇತಿಹಾಸದಲ್ಲಿ ಹೊಸದೇನಲ್ಲ. ಎರಡು ಕಥೆ ಹೇಳ್ತೀನಿ. ಒಂದು ಅಮೆರಿಕದ್ದೇ. ಇನ್ನೊಂದು ನಮ್ಮ ಪಕ್ಕದ ಮನೆಯದು.

ಮೊದಲನೆಯದು 1936ರ ನವೆಂಬರ್. ಫ್ರಾಂಕ್ಲಿನ್ ರೂಸ್ವೆಲ್ಟ್ ಎರಡನೇ ಅವಧಿಗೆ ನಿಂತಿದ್ದರು. ಎಕ್ಸಿಟ್ ಪೋಲ್ ವಿಚಾರಕ್ಕೆ ನಮ್ಮನ್ನು ಬೈಯುವ ವೀಕ್ಷಕರಿಗೆ ಒಂದು ಸಮಾಧಾನದ ಮಾತು: ಆ ಚುನಾವಣೆಯಲ್ಲಿ 'ಲಿಟರರಿ ಡೈಜೆಸ್ಟ್' ಅನ್ನೋ ಪತ್ರಿಕೆ ಸುಮಾರು ಒಂದು ಕೋಟಿ ಕಾರ್ಡು ಹಂಚಿ, 20 ಲಕ್ಷಕ್ಕೂ ಹೆಚ್ಚು ಜನರ ಉತ್ತರ ತರಿಸಿಕೊಂಡು, ರೂಸ್ವೆಲ್ಟ್ ಸೋಲ್ತಾರೆ ಅಂತ ಅಚ್ಚು ಹಾಕಿತ್ತು. ರೂಸ್ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಎಲೆಕ್ಟೋರಲ್ ಮತ 523, ಎದುರಾಳಿಗೆ 8. ಪತ್ರಿಕೆ ಸ್ವಲ್ಪ ಕಾಲದಲ್ಲೇ ಮುಚ್ಚಿಹೋಯ್ತು.

ಸಂಸತ್ತಿನ ಲೆಕ್ಕ ಇನ್ನೂ ಜೋರು. 96 ಜನರ ಸೆನೆಟ್‌ನಲ್ಲಿ ವಿರೋಧಿ ರಿಪಬ್ಲಿಕನ್ನರು ಉಳಿದದ್ದು 16 ಜನ ಮಾತ್ರ. 435ರ ಕೆಳಮನೆಯಲ್ಲಿ ರೂಸ್ವೆಲ್ಟರ ಡೆಮಾಕ್ರಟಿಕ್ ಪಕ್ಷಕ್ಕೆ 334. ಇದಕ್ಕಿಂತ ಪೂರ್ಣ ಅಧಿಕಾರ ಅಂದರೆ ಇನ್ನೇನಿರುತ್ತೆ?

ಅಡ್ಡಿ ಒಂದೇ ಇತ್ತು, ಸುಪ್ರೀಂ ಕೋರ್ಟ್. ಮಹಾ ಕುಸಿತದಲ್ಲಿ ಕೆಲಸ ಕಳೆದುಕೊಂಡು ಬೀದಿಗೆ ಬಿದ್ದ ಜನರಿಗಾಗಿ ರೂಸ್ವೆಲ್ಟ್ ಮಾಡಿದ ಕಾನೂನುಗಳನ್ನು ಕೋರ್ಟು ಒಂದೊಂದಾಗಿ ಹೊಡೆದುಹಾಕುತ್ತಿತ್ತು. 1935ರ ಮೇನಲ್ಲಿ ಬ್ರೂಕ್ಲಿನ್‌ನ ಕೋಳಿ ವ್ಯಾಪಾರಿಗಳ ಕೇಸಿನಲ್ಲಿ ಕೈಗಾರಿಕಾ ಚೇತರಿಕೆ ಕಾಯಿದೆ ಹೋಯ್ತು. 1936ರ ಜನವರಿಯಲ್ಲಿ ರೈತರ ಕಾಯಿದೆ ಹೋಯ್ತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಆರು ಜನ 70 ದಾಟಿದವರು. ನಾಲ್ಕು ವರ್ಷದ ಮೊದಲ ಅವಧಿಯಲ್ಲಿ ಒಬ್ಬರೂ ನಿವೃತ್ತರಾಗಲಿಲ್ಲ, ರೂಸ್ವೆಲ್ಟ್‌ಗೆ ಒಬ್ಬರನ್ನೂ ನೇಮಿಸುವ ಅವಕಾಶ ಸಿಗಲಿಲ್ಲ.

1937ರ ಫೆಬ್ರುವರಿ 5ರ ಬೆಳಗ್ಗೆ ಪಕ್ಷದ ನಾಯಕರನ್ನು ಕರೆಸಿ ಒಂದು ಮಸೂದೆ ಮುಂದಿಟ್ಟರು. 70 ದಾಟಿಯೂ ಕುರ್ಚಿ ಬಿಡದ ಪ್ರತಿಯೊಬ್ಬ ನ್ಯಾಯಮೂರ್ತಿಗೆ ಪ್ರತಿಯಾಗಿ ಅಧ್ಯಕ್ಷರು ಇನ್ನೊಬ್ಬರನ್ನು ನೇಮಿಸಬಹುದು, ಗರಿಷ್ಠ ಆರು ಜನ. ಅಂದರೆ 9ರ ಕೋರ್ಟು 15ಕ್ಕೆ ಏರಬಹುದು. ಸಂವಿಧಾನ ತಿದ್ದಬೇಕಾದ್ದೇ ಇಲ್ಲ, ಸಾದಾ ಕಾನೂನು ಸಾಕು. ಕಾರಣ ಏನು ಕೊಟ್ಟರು? ಪಾಪ, ವಯಸ್ಸಾದವರು, ಕೆಲಸ ಬಾಕಿ ಬೀಳ್ತಿದೆ ಅಂತ! ಆ ಕೋರ್ಟಿನ ಅತ್ಯಂತ ಹಿರಿಯರು 80ರ ಲೂಯಿಸ್ ಬ್ರಾಂಡೈಸ್. ಅವರೋ ಪ್ರಗತಿಪರರು, ಬಹುತೇಕ ರೂಸ್ವೆಲ್ಟ್ ಕಡೆಗೇ ವಾಲಿದ್ದವರು. ಸುಳ್ಳು ಕಾರಣ ಕೊಟ್ಟರೆ ಮೊದಲು ನೋವಾಗೋದು ನಮ್ಮವರಿಗೇ.

ಈಗ ನೋಡಿ, 334 ಜನ ಕೈ ಎತ್ತಿದರೆ ಮುಗೀತು ಅಂತ ನಾವು ಅಂದುಕೊಳ್ತೀವಿ. ಆಗಿದ್ದು ಬೇರೆ. ಸ್ವಂತ ಪಕ್ಷದ ಉಪಾಧ್ಯಕ್ಷ ಜಾನ್ ಗಾರ್ನರ್, ಸೆನೆಟ್‌ನಲ್ಲಿ ಮಸೂದೆಯ ಸುದ್ದಿ ಬಂದಾಗ ಮೂಗು ಹಿಡಿದುಕೊಂಡು ಹೆಬ್ಬೆರಳು ಕೆಳಗೆ ತೋರಿಸಿದರು ಅಂತ ಆಗಿನವರು ಬರೆದಿದ್ದಾರೆ. ವಿರೋಧಕ್ಕೆ ಮುಂದಾಳು ಯಾರು? ರಿಪಬ್ಲಿಕನ್ನರಲ್ಲ, ಅವರು ಬೇಕೆಂದೇ ಬಾಯಿ ಮುಚ್ಚಿಕೊಂಡು ತಮಾಷೆ ನೋಡ್ತಿದ್ದರು. ಮುಂದಾಳು ಮೊಂಟಾನಾದ ಡೆಮಾಕ್ರಟ್ ಸೆನೆಟರ್ ಬರ್ಟನ್ ವೀಲರ್. ರೂಸ್ವೆಲ್ಟ್ ಅಧ್ಯಕ್ಷರಾಗಬೇಕು ಅಂತ ಎಲ್ಲರಿಗಿಂತ ಮೊದಲು ಹೇಳಿದವರಲ್ಲಿ ಒಬ್ಬರು! ಮಾರ್ಚ್‌ನಲ್ಲಿ ಅವರು ಸಮಿತಿ ಮುಂದೆ ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಬರೆದ ಪತ್ರ ಓದಿದರು. ಕೋರ್ಟಿನಲ್ಲಿ ಕೆಲಸ ಬಾಕಿ ಇಲ್ಲ, ಜನ ಹೆಚ್ಚಿದರೆ ಕೆಲಸ ನಿಧಾನವಾಗುತ್ತೆ ಹೊರತು ಚುರುಕಾಗಲ್ಲ ಅನ್ನೋದು ಅದರ ಸಾರ. ಅಲ್ಲಿಗೆ ಆ ನೆಪ ಸತ್ತಿತು.

ಅದೇ ಮಾರ್ಚ್ 29ಕ್ಕೆ ಕೋರ್ಟು ಹೋಟೆಲ್ ಕೋಣೆ ಶುಚಿ ಮಾಡುವ ಎಲ್ಸಿ ಪ್ಯಾರಿಶ್ ಅನ್ನೋ ಹೆಣ್ಣುಮಗಳ ಕೇಸಿನಲ್ಲಿ, ಐದಕ್ಕೆ ನಾಲ್ಕರಂತೆ, ಕನಿಷ್ಠ ಕೂಲಿ ಕಾನೂನನ್ನು ಎತ್ತಿಹಿಡಿಯಿತು. ಅಧ್ಯಕ್ಷರ ಬೆದರಿಕೆಗೆ ಹೆದರಿ ಕೋರ್ಟು ಮಗ್ಗುಲು ಬದಲಿಸಿತು ಅಂತ ಇವತ್ತಿಗೂ ಹೇಳೋರಿದ್ದಾರೆ. ಆದರೆ ಆ ಐದನೇ ಮತ ಹಾಕಿದ ಓವನ್ ರಾಬರ್ಟ್ಸ್, ಮಸೂದೆ ಹೊರಬರುವ ಮೊದಲೇ ನ್ಯಾಯಮೂರ್ತಿಗಳ ಒಳಸಭೆಯಲ್ಲಿ ತಮ್ಮ ಮತ ಹೇಳಿಯಾಗಿತ್ತು. ಅದೇನೇ ಇರಲಿ, ಮೇನಲ್ಲಿ ಸೆನೆಟ್‌ನ ನ್ಯಾಯಾಂಗ ಸಮಿತಿ ಮಸೂದೆಯನ್ನು 10-8ರಿಂದ ತಿರಸ್ಕರಿಸಿತು. ಆ ಹತ್ತರಲ್ಲಿ ಏಳು ಜನ ಅಧ್ಯಕ್ಷರ ಪಕ್ಷದವರೇ. ಮಸೂದೆಯನ್ನು ಹೇಗೋ ಎಳೆದುಕೊಂಡು ಹೋಗ್ತಿದ್ದ ಸೆನೆಟ್ ನಾಯಕ ಜೋಸೆಫ್ ರಾಬಿನ್ಸನ್ ಜುಲೈ 14ರಂದು ಹೃದಯಾಘಾತದಿಂದ ತೀರಿಕೊಂಡರು. ಎಂಟು ದಿನಕ್ಕೆ, ಜುಲೈ 22ರಂದು, 70-20 ಮತದಿಂದ ಸೆನೆಟ್ ಅದನ್ನು ಸಮಿತಿಗೆ ವಾಪಸ್ ಕಳಿಸಿ ಹೂತುಹಾಕಿತು.

ಒಂದು ಮಾತು ಬಿಡಿಸಿ ಹೇಳಬೇಕು. ರೂಸ್ವೆಲ್ಟ್ ಉದ್ದೇಶ ಕೆಟ್ಟದಾಗಿರಲಿಲ್ಲ. ಕೂಲಿಗೆ ಕಾನೂನು, ಮುದುಕರಿಗೆ ಪಿಂಚಣಿ ಬೇಡ ಅನ್ನೋರು ಯಾರು? ನಾನು ಆಗಿನ ಕಾಲದಲ್ಲಿದ್ದಿದ್ದರೆ ನನ್ನ ಓಟೂ ಅವರಿಗೇ. ಆ ಏಳು ಜನ ಡೆಮಾಕ್ರಟರಲ್ಲೂ ಎಷ್ಟೋ ಜನ ಆ ಕಾನೂನುಗಳಿಗೆ ಓಟು ಹಾಕಿದವರೇ. ಅವರು ಯೋಚಿಸಿದ್ದು ಇಷ್ಟೇ: ಇವತ್ತು ನಮ್ಮವನು ಆರು ಜನರನ್ನು ತುಂಬಿದರೆ, ನಾಳೆ ಬರೋನು ಇನ್ನಾರು ಜನರನ್ನು ತುಂಬ್ತಾನೆ.

ಸರಿ, ಅವರಿಗೆ ಆ ಧೈರ್ಯ ಬಂದದ್ದು ಎಲ್ಲಿಂದ? ದೇಶಭಕ್ತಿ, ಅಂತಃಸಾಕ್ಷಿ ಎಲ್ಲ ಇರಬಹುದು. ನನಗೆ ಕಾಣೋದು ಅದಕ್ಕಿಂತ ಸರಳವಾದ ಕಾರಣ. ನಮ್ಮ ಭಾಷೆಯಲ್ಲಿ ಕೇಳೋದಾದ್ರೆ, ಅಲ್ಲಿ ಬಿ ಫಾರಂ ಕೊಡೋರು ಯಾರು?

ನಮ್ಮಲ್ಲಿ ಎಲೆಕ್ಷನ್ ಬಂದರೆ ಡೆಲ್ಲಿ ಫ್ಲೈಟ್ ಫುಲ್. ಬಿ ಫಾರಂ ಹೈಕಮಾಂಡ್ ಕೈಯಲ್ಲಿ. ಅಮೆರಿಕದಲ್ಲಿ ಟಿಕೆಟ್ ತೀರ್ಮಾನ ಮಾಡೋದು ಆಯಾ ರಾಜ್ಯದ ಮತದಾರರು, ಪ್ರೈಮರಿ ಅನ್ನೋ ಒಳಚುನಾವಣೆಯಲ್ಲಿ. 1938ರಲ್ಲಿ ರೂಸ್ವೆಲ್ಟ್ ಈ ಬಾಗಿಲನ್ನೂ ತಳ್ಳಿ ನೋಡಿದರು. ಕೈ ಕೊಟ್ಟ ಸ್ವಪಕ್ಷೀಯರನ್ನು ಪ್ರೈಮರಿಯಲ್ಲೇ ಸೋಲಿಸಿ ಅಂತ ಊರೂರು ಸುತ್ತಿ ಪ್ರಚಾರ ಮಾಡಿದರು. ಜಾರ್ಜಿಯಾದ ವಾಲ್ಟರ್ ಜಾರ್ಜ್, ಸೌತ್ ಕೆರೊಲಿನಾದ ಎಲಿಸನ್ ಸ್ಮಿತ್, ಮೇರಿಲ್ಯಾಂಡ್‌ನ ಮಿಲ್ಲರ್ಡ್ ಟೈಡಿಂಗ್ಸ್, ಮೂವರೂ ಗೆದ್ದು ಬಂದು ಅಧ್ಯಕ್ಷರ ಎದುರಿಗೇ ಕೂತರು. ಆ ವರ್ಷದ ಮಧ್ಯಂತರ ಚುನಾವಣೆಯಲ್ಲಿ ಪಕ್ಷ ಕೆಳಮನೆಯಲ್ಲಿ ಸುಮಾರು 70 ಸ್ಥಾನ ಕಳೆದುಕೊಂಡಿತು.

ಇಲ್ಲಿ ಒಂದು ಎಚ್ಚರಿಕೆ ಸೇರಿಸಬೇಕು. ಅದೇ ಪ್ರೈಮರಿ ಇವತ್ತು ತಿರುಗಿ ನಿಂತಿದೆ. 2021ರ ಜನವರಿಯಲ್ಲಿ ಟ್ರಂಪ್ ಮಹಾಭಿಯೋಗದ ಪರ ಓಟು ಹಾಕಿದ ರಿಪಬ್ಲಿಕನ್ನರು ಕೆಳಮನೆಯಲ್ಲಿ ಹತ್ತು ಜನ. 2022ರ ಚುನಾವಣೆ ಮುಗಿದಾಗ ಅವರಲ್ಲಿ ವಾಪಸ್ ಬಂದವರು ಇಬ್ಬರೇ. ನಾಲ್ವರು ನಿಲ್ಲಲೇ ಇಲ್ಲ, ನಾಲ್ವರು ಪ್ರೈಮರಿಯಲ್ಲೇ ಸೋತರು. ಮಾಜಿ ಉಪಾಧ್ಯಕ್ಷರ ಮಗಳು ಲಿಜ್ ಚೆನಿ ಕೂಡ. ಮತದಾರ ಟಿಕೆಟ್ ಕೊಡುವ ಪದ್ಧತಿ ಬದಲಾಗಿಲ್ಲ. ಆ ಮತದಾರ ಯಾರ ಮಾತು ಕೇಳ್ತಾನೆ ಅನ್ನೋದು ಬದಲಾಗಿದೆ. ಮೇಷ್ಟ್ರ ಪ್ರಶ್ನೆಯ ಅರ್ಧ ಉತ್ತರ ಇಲ್ಲಿದೆ.

ಇನ್ನರ್ಧಕ್ಕೆ ಬೆಂಗಳೂರಿನಿಂದ ವಿಮಾನದಲ್ಲಿ ಒಂದೂವರೆ ಗಂಟೆ ದೂರದ ಕೊಲಂಬೊಗೆ ಹೋಗಬೇಕು. ಪಕ್ಷದ ಸದಸ್ಯರ ಸೀಟು ಪೂರ್ತಿಯಾಗಿ ಅಧ್ಯಕ್ಷರ ಕೈಯಲ್ಲೇ ಇದ್ದರೆ ಏನಾಗುತ್ತೆ ಅನ್ನೋದನ್ನು ಆ ಊರು ನೋಡಿದೆ.

1977ರ ಜುಲೈ. ಶ್ರೀಲಂಕಾದಲ್ಲಿ ಸಿರಿಮಾವೋ ಬಂಡಾರನಾಯಕೆ ಸರ್ಕಾರದ ಮೇಲೆ ಜನ ರೋಸಿಹೋಗಿದ್ದರು. ಅಂಗಡಿ ಮುಂದೆ ಕ್ಯೂ, ಎಲ್ಲದಕ್ಕೂ ರೇಷನ್. ಅದೂ ಅಲ್ಲದೆ ಐದು ವರ್ಷಕ್ಕೆ ಆರಿಸಿದ್ದ ಸಂಸತ್ತನ್ನು ಹೊಸ ಸಂವಿಧಾನದ ನೆಪದಲ್ಲಿ ಏಳು ವರ್ಷ ಎಳೆದಿದ್ದರು. ಅಲ್ಲಿನ ಕಾಯಿಲೆ ಒಂದೇ ಪಕ್ಷದ್ದಲ್ಲ, ಇದನ್ನು ನೆನಪಿಡಿ. ಜನ ಸಿಟ್ಟಿನಿಂದ ಓಟು ಹಾಕಿದರು. ಜೂನಿಯಸ್ ರಿಚರ್ಡ್ ಜಯವರ್ಧನೆ, ಎಲ್ಲರ ಬಾಯಲ್ಲಿ ಜೆ.ಆರ್., ಅವರ ಯುಎನ್‌ಪಿ ಪಕ್ಷಕ್ಕೆ 168ರಲ್ಲಿ 140 ಸ್ಥಾನ ಬಂತು. ಸಿರಿಮಾವೋ ಪಕ್ಷಕ್ಕೆ ಎಂಟು.

ಆದರೆ ಯುಎನ್‌ಪಿಗೆ ಬಿದ್ದ ಓಟು ಎಷ್ಟು? ಶೇಕಡ 51ರ ಆಸುಪಾಸು. ಅರ್ಧ ಓಟು, ಆರರಲ್ಲಿ ಐದು ಪಾಲು ಸೀಟು. ಈ ವ್ಯತ್ಯಾಸದ ಮೇಲೇ ಮುಂದಿನ ಕಥೆಯೆಲ್ಲ ನಿಂತಿದೆ.

ಆ ಬಹುಮತದಿಂದ ಜೆ.ಆರ್. ಮೊದಲು ಸಂವಿಧಾನ ಬದಲಿಸಿದರು. ಪ್ರಧಾನಿಯಾಗಿ ಗೆದ್ದವರು 1978ರ ಫೆಬ್ರುವರಿಯಲ್ಲಿ ಕಾರ್ಯಾಂಗದ ಅಧ್ಯಕ್ಷರಾದರು. ಗಂಡನ್ನು ಹೆಣ್ಣು ಮಾಡೋದು, ಹೆಣ್ಣನ್ನು ಗಂಡು ಮಾಡೋದು ಬಿಟ್ಟರೆ ಉಳಿದದ್ದೆಲ್ಲ ತನ್ನಿಂದ ಸಾಧ್ಯ ಅಂತ ಅವರು ಹೇಳಿದ್ದರು ಅನ್ನೋದು ಆ ದೇಶದಲ್ಲಿ ಇವತ್ತಿಗೂ ಓಡಾಡುವ ಮಾತು. 1980ರ ಅಕ್ಟೋಬರ್‌ನಲ್ಲಿ ವಿಶೇಷ ಆಯೋಗದ ವರದಿ ಹಿಡಿದು ಸಿರಿಮಾವೋ ಅವರ ನಾಗರಿಕ ಹಕ್ಕನ್ನೇ ಏಳು ವರ್ಷ ಕಿತ್ತುಕೊಂಡರು. ಜಗತ್ತಿನ ಮೊದಲ ಮಹಿಳಾ ಪ್ರಧಾನಿ ಸಂಸತ್ತಿನಿಂದ ಹೊರಗೆ. ಎದುರಾಳಿಯಾಗಿ ನಿಲ್ಲಬೇಕಾದವರು ನಿಲ್ಲುವ ಹಾಗೇ ಇಲ್ಲ.

1982ರ ಅಕ್ಟೋಬರ್ 20, ಅಧ್ಯಕ್ಷ ಚುನಾವಣೆ. ಅವಧಿ ಮುಗಿಯುವ ಮೊದಲೇ ನಡೆಸಲು ಅನುವಾಗುವಂತೆ ಅದಕ್ಕೂ ಒಂದು ತಿದ್ದುಪಡಿ ಆಗಿತ್ತು. ಜನರ ನೇರ ಓಟಿನಿಂದ ಆ ಕುರ್ಚಿಗೆ ಆಯ್ಕೆ ನಡೆದದ್ದು ಅದೇ ಮೊದಲು, ಆದರೆ ಜೆ.ಆರ್. ಕೇಳಿದ್ದು ಎರಡನೇ ಅವಧಿ. ಶೇಕಡ 52.91 ಓಟು ಪಡೆದು ಗೆದ್ದರು. ಸಿರಿಮಾವೋ ಪಕ್ಷದ ಹೆಕ್ಟರ್ ಕೊಬ್ಬೆಕಡುವ ಅವರಿಗೆ 39.07. ಒಳ್ಳೆಯ ಗೆಲುವೇ. ಇನ್ನು ಆರು ವರ್ಷ ಅಧ್ಯಕ್ಷಗಿರಿ ಭದ್ರ.

ಹಾಗಿದ್ರೆ ಭಯ ಯಾಕೆ? ಸಂಸತ್ತಿನ ಅವಧಿ 1983ರ ಆಗಸ್ಟ್‌ಗೆ ಮುಗೀತಿತ್ತು. ಜೆ.ಆರ್. ತಾವೇ ಬರೆಸಿದ ಸಂವಿಧಾನದಲ್ಲಿ ಇನ್ನು ಮುಂದೆ ಓಟಿನ ಅನುಪಾತಕ್ಕೆ ತಕ್ಕಂತೆ ಸೀಟು ಅಂತ ಬರೆದಿದ್ದರು. ಮುಂದೆ ಬರುವ ಯಾವ ಸರ್ಕಾರಕ್ಕೂ ಮೂರನೇ ಎರಡು ಬಹುಮತ ಸುಲಭವಾಗಿ ಸಿಗಬಾರದು, ತಮ್ಮ ಸಂವಿಧಾನವನ್ನು ಯಾರೂ ಅಲುಗಾಡಿಸಬಾರದು ಅನ್ನೋದು ಅದರ ಹಿಂದಿನ ಲೆಕ್ಕ ಅಂತ ಹೇಳೋರು ತುಂಬಾ ಜನ. ಆ ಬಲೆಗೆ ಮೊದಲು ಬಿದ್ದದ್ದು ಅವರೇ. ಶೇಕಡ 53 ಓಟಿಗೆ ಹೆಚ್ಚುಕಡಿಮೆ ಶೇಕಡ 53 ಸೀಟು ಬಂದರೆ ಸರ್ಕಾರ ನಡೆಸಬಹುದು. ಆದರೆ ಸಂವಿಧಾನವನ್ನು ಬೇಕೆಂದಾಗ ತಿದ್ದೋಕಾಗಲ್ಲ. ಗೆದ್ದರೂ ಪೂರ್ಣ ಅಧಿಕಾರ ಹೋಗುತ್ತೆ.

ಅದಕ್ಕೆ ಜೆ.ಆರ್. ಕಂಡುಕೊಂಡ ದಾರಿ: ಚುನಾವಣೆಯೇ ಬೇಡ! ಹಳೆಯ ಸಂಸತ್ತನ್ನೇ, ಆ 140 ಜನರನ್ನೇ, ಇನ್ನೂ ಆರು ವರ್ಷ ಮುಂದುವರಿಸೋಣ. ಅದಕ್ಕೆ ಮೂರನೇ ಎರಡು ಬಹುಮತ ಬೇಕು, ಆಮೇಲೆ ಜನಮತಗಣನೆ ಬೇಕು. ಮೊದಲನೆಯದು ಜೇಬಲ್ಲೇ ಇತ್ತು.

ಇದ್ದರೂ ಬೀಗ ಹಾಕಿಕೊಂಡರು. ಅಕ್ಟೋಬರ್ ಕೊನೆಯ ವಾರ ಪಕ್ಷದ ಸಂಸದರಿಂದ ರಾಜೀನಾಮೆ ಪತ್ರ ಬರೆಸಿಕೊಂಡರು. ಸಹಿ ಇದೆ, ತಾರೀಖು ಇಲ್ಲ. ತಾರೀಖು ಹಾಕೋರು ಅಧ್ಯಕ್ಷರು, ಅವರಿಗೆ ಬೇಕಾದ ದಿನ. ಪಕ್ಷದಿಂದ ಹೊರಹಾಕಿದರೆ ಸೀಟೂ ಹೋಗುತ್ತೆ ಅಂತ ಆ ಸಂವಿಧಾನದಲ್ಲಿ ಮೊದಲೇ ಇತ್ತು, ಆದರೆ ಹಾಗೆ ಸೀಟು ಕಳೆದುಕೊಂಡವನು ಸುಪ್ರೀಂ ಕೋರ್ಟ್ ಬಾಗಿಲು ತಟ್ಟಬಹುದಿತ್ತು. ತಾನೇ ಬರೆದ ರಾಜೀನಾಮೆ ವಿರುದ್ಧ ಯಾವ ಕೋರ್ಟಿಗೆ ಹೋಗ್ತಾನೆ?

ರಾಜೀನಾಮೆ ಪತ್ರದ ರಾಜಕೀಯ ನಮಗೆ ಗೊತ್ತಿಲ್ಲದ್ದೇನಲ್ಲ. 2019ರಲ್ಲಿ ನಮ್ಮ ಶಾಸಕರು ಮುಂಬೈ ಹೋಟೆಲ್‌ನಲ್ಲಿ ಕೂತಿದ್ದಾಗ ನಾವು ಹಗಲೂ ರಾತ್ರಿ ಲೈವ್ ಕೊಟ್ಟಿದ್ದೇವೆ. ಇಲ್ಲಿ ರಾಜೀನಾಮೆ ಸರ್ಕಾರ ಬೀಳಿಸೋ ಆಯುಧ. ಅಲ್ಲಿ ಸರ್ಕಾರ ಉಳಿಸೋ ಆಯುಧ. ಇನ್ನೊಂದು ನೆನಪೂ ಇಲ್ಲಿ ಬರುತ್ತೆ. ನಮ್ಮಲ್ಲೂ ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಲೋಕಸಭೆಯ ಅವಧಿಯನ್ನು ಎರಡು ಸಲ ಒಂದೊಂದು ವರ್ಷ ಹಿಗ್ಗಿಸಿದ್ದರು. ಜನ ಐದು ವರ್ಷಕ್ಕೆ ಕಳಿಸಿದ್ದು, ಆರನೇ ವರ್ಷ ಕೂರುವ ಹಕ್ಕು ನನಗಿಲ್ಲ ಅಂತ ಮಧು ಲಿಮಯೆ ಮತ್ತು ಶರದ್ ಯಾದವ್ ಇಬ್ಬರೂ ಸೀಟು ಬಿಟ್ಟರು. ವಿರೋಧ ಪಕ್ಷದವರು, ನಿಜ. ಆದರೂ ಆ ಪತ್ರಗಳಲ್ಲಿ ತಾರೀಖಿತ್ತು.

ಕೊಲಂಬೊಗೆ ವಾಪಸ್ ಬರೋಣ. ಚುನಾವಣೆ ಬೇಡ ಅನ್ನೋಕೆ ಜನರಿಗೆ ಕಾರಣ ಕೊಡಬೇಕಲ್ಲ? ವಿರೋಧ ಪಕ್ಷದಲ್ಲಿ 'ನಕ್ಸಲೀಯರ' ಗುಂಪೊಂದಿದೆ, ಅಧ್ಯಕ್ಷರನ್ನು ಕೊಂದು ಅಧಿಕಾರ ಹಿಡಿಯೋಕೆ ಸಂಚು ಮಾಡಿದೆ ಅಂದರು. ನಮ್ಮ ಬಂಗಾಳದ ಹಳ್ಳಿಯಿಂದ ಹುಟ್ಟಿದ ಪದ ಸಮುದ್ರ ದಾಟಿ ಅಲ್ಲಿ ಆ ಕೆಲಸಕ್ಕೆ ಬಂತು. ಯಾರನ್ನು ಹಿಡಿದರು ಗೊತ್ತಾ? ಸಿಂಹಳ ಸಿನಿಮಾದ ದೊಡ್ಡ ಹೀರೋ, ಸಿರಿಮಾವೋ ಅಳಿಯ ವಿಜಯ ಕುಮಾರತುಂಗ. ಅವರು ಕೊಬ್ಬೆಕಡುವ ಪರ ಊರೂರು ಪ್ರಚಾರ ಮಾಡಿ ಜನ ಸೇರಿಸಿದವರು. ಆ ಸಂಚಿನ ಕೇಸು ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ.

ಅವಧಿ ವಿಸ್ತರಣೆಯ ತಿದ್ದುಪಡಿ ಸುಪ್ರೀಂ ಕೋರ್ಟಿಗೆ ಹೋದಾಗ, ಜನಮತಗಣನೆಯಲ್ಲಿ ಜನ ಒಪ್ಪಿದರೆ ಸರಿ ಅಂತ ತೀರ್ಮಾನ ಬಂತು. ನಾಲ್ಕು ಜನ ಒಂದು ಕಡೆ, ಮೂವರು ಇನ್ನೊಂದು ಕಡೆ. ಒಬ್ಬ ನ್ಯಾಯಮೂರ್ತಿಯ ಅಂತರ. ನವೆಂಬರ್ ಮೊದಲ ವಾರ ಸಂಸತ್ತು ಒಪ್ಪಿತು.

ಡಿಸೆಂಬರ್ 22, ಜನಮತಗಣನೆ. ಮತಪತ್ರದಲ್ಲಿ ಎರಡೇ ಚಿತ್ರ. ಹೌದು ಅನ್ನೋರಿಗೆ ದೀಪ, ಬೇಡ ಅನ್ನೋರಿಗೆ ಮಡಕೆ. ದೀಪಕ್ಕೆ ಓಟು ಹಾಕಿದರೆ ಚುನಾವಣೆ ಆರಿಹೋಗುತ್ತೆ! ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು. ವಿರೋಧಿಗಳ ಪ್ರೆಸ್ಸಿಗೆ ಬೀಗ ಬಿತ್ತು. ಬೌದ್ಧ ಭಿಕ್ಷುಗಳ ಒಂದು ಸಂಘ ಮಡಕೆ ಪರ ಅಚ್ಚು ಹಾಕಿಸಿದ ಕರಪತ್ರಗಳನ್ನು ಪೊಲೀಸರು ಹೊತ್ತುಕೊಂಡು ಹೋದರು. ಭಿಕ್ಷುಗಳು ಕೋರ್ಟಿಗೆ ಹೋಗಿ ಗೆದ್ದರು, ಪರಿಹಾರವೂ ಸಿಕ್ಕಿತು. ಸರ್ಕಾರ ಆ ಪರಿಹಾರದ ದುಡ್ಡು ತಾನೇ ಕಟ್ಟಿ, ತಪ್ಪು ಮಾಡಿದ ಪೊಲೀಸ್ ಅಧಿಕಾರಿಗೆ ಬಡ್ತಿ ಕೊಟ್ಟಿತು. ಮರುವರ್ಷ ಜೂನ್‌ನಲ್ಲಿ ಇನ್ನೊಂದು ಕೇಸಿನಲ್ಲಿ ಪೊಲೀಸರ ವಿರುದ್ಧ ತೀರ್ಪು ಬಂದಾಗ, ನ್ಯಾಯಮೂರ್ತಿಗಳ ಮನೆ ಮುಂದೆ ಗುಂಪು ಬಂದು ಕೆಟ್ಟ ಕೆಟ್ಟ ಘೋಷಣೆ ಕೂಗಿ ಹೋಯ್ತು. ವಾಷಿಂಗ್ಟನ್‌ನಲ್ಲಿ ಕೋರ್ಟನ್ನು ಮಣಿಸೋಕೆ ಕನಿಷ್ಠ ಒಂದು ಮಸೂದೆ ಬರೆದಿದ್ದರು.

ದೀಪ ಗೆದ್ದಿತು, ಶೇಕಡ 54.66. ಆದರೆ ಅಂಕಿ ಬಿಡಿಸಿ ನೋಡಿ. ಅಕ್ಟೋಬರ್‌ನಲ್ಲಿ ಜೆ.ಆರ್.ಗೆ ಬಿದ್ದದ್ದು 34.5 ಲಕ್ಷ ಓಟು. ಎರಡೇ ತಿಂಗಳಲ್ಲಿ ದೀಪಕ್ಕೆ ಬಿದ್ದದ್ದು 31.4 ಲಕ್ಷ. ಅಧ್ಯಕ್ಷರನ್ನು ಒಪ್ಪಿದ ಜನರಲ್ಲೂ ಎಷ್ಟೋ ಮಂದಿ ಇದನ್ನು ಒಪ್ಪಲಿಲ್ಲ ಅಂತಾಯ್ತು. ಮಡಕೆಗೆ 26 ಲಕ್ಷ. ಸಂಸತ್ತಿನ ಆಯುಸ್ಸು 1989ರ ಆಗಸ್ಟ್‌ವರೆಗೆ ಬೆಳೆಯಿತು.

ಆ ಪತ್ರಗಳು ಬರೀ ಬೆದರಿಕೆಯಾಗಿ ಉಳಿಯಲಿಲ್ಲ. ದೀಪ ಸೋತ ಕಡೆ ಯುಎನ್‌ಪಿ ಸಂಸದರ ಪತ್ರಕ್ಕೆ ತಾರೀಖು ಬಿತ್ತು. 1983ರ ಮೇ 18ರಂದು 18 ಕ್ಷೇತ್ರಗಳಿಗೆ ಉಪಚುನಾವಣೆ. ನಿಮ್ಮೂರಲ್ಲಿ ಜನ ಬೇಡ ಅಂದರು, ನೀವು ಮನೆಗೆ ಹೋಗಿ ಅಂತ ಸಂಸದರಿಗೆ ಶಿಕ್ಷೆ. 14ರಲ್ಲಿ ಯುಎನ್‌ಪಿಯೇ ಗೆದ್ದಿತು.

ಅಲ್ಲಿಂದ ಎರಡು ತಿಂಗಳು. ಜುಲೈ 23ರ ರಾತ್ರಿ ಜಾಫ್ನಾದಲ್ಲಿ ಎಲ್‌ಟಿಟಿಇ ದಾಳಿಗೆ 13 ಸೈನಿಕರು ಸತ್ತರು. ಮರುದಿನದಿಂದ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ. ಮತದಾರರ ಪಟ್ಟಿ ಕೈಯಲ್ಲಿ ಹಿಡಿದು ಮನೆ ಹುಡುಕಿದರು ಅಂತ ಬದುಕಿದವರು ಹೇಳಿದ್ದಾರೆ. ವೆಲಿಕಡ ಜೈಲಿನ ಒಳಗೇ 53 ತಮಿಳು ಕೈದಿಗಳನ್ನು ಕೊಂದರು. ಅದರ ಬೆನ್ನಿಗೆ ಆಗಸ್ಟ್‌ನಲ್ಲಿ ಆರನೇ ತಿದ್ದುಪಡಿ ಬಂತು: ಪ್ರತ್ಯೇಕ ದೇಶ ಕೇಳಲ್ಲ ಅಂತ ಸಂಸದರು ಪ್ರಮಾಣ ಮಾಡಬೇಕು. ತಮಿಳು ಪಕ್ಷವಾದ ಟಿಯುಎಲ್‌ಎಫ್‌ನವರು ಒಪ್ಪಲಿಲ್ಲ, ಸೀಟು ಕಳೆದುಕೊಂಡರು. ಅವರ ನಾಯಕ ಅಮೃತಲಿಂಗಂ ಆ ಸಂಸತ್ತಿನ ಅಧಿಕೃತ ವಿರೋಧ ಪಕ್ಷದ ನಾಯಕ. ಮಾತಾಡುವ ತಮಿಳರು ಸಭೆಯಿಂದ ಹೊರಗೆ ಹೋದರು, ಬಂದೂಕು ಹಿಡಿದವರು ಹೊರಗೇ ಇದ್ದರು.

ಇದೇ ಹೊತ್ತಲ್ಲಿ ಗಲಭೆಯ ಹೊಣೆಯನ್ನು ಜೆವಿಪಿ ಸೇರಿ ಎಡಪಕ್ಷಗಳ ತಲೆಗೆ ಕಟ್ಟಿ ನಿಷೇಧಿಸಿದರು. ಜೆವಿಪಿ 1971ರಲ್ಲಿ ಬಂಡಾಯ ಎದ್ದು ಸೋತ ಪಕ್ಷ, ಆಮೇಲೆ ಓಟಿನ ದಾರಿಗೆ ಬಂದಿತ್ತು. 1982ರ ಅಧ್ಯಕ್ಷ ಚುನಾವಣೆಯಲ್ಲಿ ಅದರ ನಾಯಕ ರೋಹಣ ವಿಜೇವೀರಗೆ ಶೇಕಡ 4.19 ಓಟು ಬಿದ್ದಿತ್ತು. 1983ರಲ್ಲಿ ಹೊಸ ಪದ್ಧತಿಯಂತೆ ಸಂಸತ್ ಚುನಾವಣೆ ಆಗಿದ್ದರೆ ಬಹುಶಃ ನಾಲ್ಕಾರು ಸೀಟು ಹಿಡಿದು ಸಭೆಯಲ್ಲಿ ಗಲಾಟೆ ಮಾಡ್ತಿದ್ದರು. ಮಾಡಲಿ ಬಿಡಿ, ಸಭೆ ಇರೋದೇ ಅದಕ್ಕೆ. ಅದರ ಬದಲು ಭೂಗತರಾದರು. 1987ರಿಂದ 89ರವರೆಗೆ ದಕ್ಷಿಣದಲ್ಲಿ ನಡೆದ ಎರಡನೇ ಬಂಡಾಯ, ಅದನ್ನು ಹೊಸಕಿದ ರೀತಿ, ಸಾವಿರ ಸಾವಿರ ಹೆಣ. ಒಂದೇ ಸಂಸತ್ತಿನ ಆಯುಸ್ಸಿನಲ್ಲಿ ಉತ್ತರಕ್ಕೂ ಬೆಂಕಿ, ದಕ್ಷಿಣಕ್ಕೂ ಬೆಂಕಿ.

ಎಲ್ಲವನ್ನೂ ಆ ದೀಪದ ಚಿಹ್ನೆಗೇ ಕಟ್ಟಿದರೆ ಅತಿಯಾಗುತ್ತೆ. ಸಿಂಹಳ-ತಮಿಳು ಜಗಳಕ್ಕೆ 1956ರ ಭಾಷಾ ಕಾನೂನಿನಿಂದ, ಅದಕ್ಕೂ ಹಿಂದಿನಿಂದ ಬೇರುಗಳಿವೆ. ಚುನಾವಣೆ ನಡೆದಿದ್ದರೆ ಜುಲೈ ನಡೀತಿರಲಿಲ್ಲ ಅಂತ ನಾನು ಹೇಳ್ತಿಲ್ಲ. ನಾನು ಹೇಳೋದು, ಸಿಟ್ಟು ಹೊರಗೆ ಹೋಗೋಕೆ ಇದ್ದ ಕಿಟಕಿಯನ್ನು ಒಂದು ಪಕ್ಷ ತನ್ನ ಅನುಕೂಲಕ್ಕೆ ಮೊಳೆ ಹೊಡೆದು ಮುಚ್ಚಿತ್ತು. ಆ ಹೊಗೆ ನಮ್ಮ ಮನೆಗೂ ಬಂತು. 1987ರ ಜುಲೈ 29ರಂದು ಅದೇ ಜೆ.ಆರ್. ಪಕ್ಕ ಕೂತು ರಾಜೀವ್ ಗಾಂಧಿ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿ ಪಾಲನೆಗೆ ಅಂತ ಹೋದ ನಮ್ಮ ಯೋಧರಲ್ಲಿ ಸುಮಾರು 1,200 ಜನ ವಾಪಸ್ ಬರಲಿಲ್ಲ. 1991ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಶಿವರಾಸನ್ ಗುಂಪು ಸತ್ತು ಸಿಕ್ಕಿದ್ದು ನಿಮಗೆ ನೆನಪಿರುತ್ತೆ.

ಶ್ರೀಲಂಕಾದ ಪಕ್ಷಗಳು ಪಾಠ ಕಲಿತವಾ? 2010ರ ಜನವರಿಯಲ್ಲಿ ಯುದ್ಧ ಗೆದ್ದ ಹುಮ್ಮಸ್ಸಿನಲ್ಲಿ ಮಹಿಂದ ರಾಜಪಕ್ಸ ಎರಡನೇ ಸಲ ಗೆದ್ದರು. ಎದುರು ನಿಂತಿದ್ದ ಮಾಜಿ ಸೇನಾ ಮುಖ್ಯಸ್ಥ ಶರತ್ ಫೊನ್ಸೇಕಾ ಎರಡೇ ವಾರದಲ್ಲಿ ಬಂಧನಕ್ಕೊಳಗಾದರು. ಸಂಸತ್ತಿನಲ್ಲಿ ಪಕ್ಷಕ್ಕೆ 225ರಲ್ಲಿ 144. ಮೂರನೇ ಎರಡಕ್ಕೆ ಆರು ಕಡಿಮೆ. ನಮ್ಮ ಕಡೆ ಆಪರೇಷನ್ ಅಂತೀವಲ್ಲ, ಅದಾಯ್ತು. ಸೆಪ್ಟೆಂಬರ್ 8ರಂದು 161-17ರಿಂದ 18ನೇ ತಿದ್ದುಪಡಿ ಪಾಸಾಯ್ತು. ಅಧ್ಯಕ್ಷರಿಗೆ ಎರಡೇ ಅವಧಿ ಅನ್ನೋ ಮಿತಿ ರದ್ದು. ಜನಮತಗಣನೆ ಬೇಕಿಲ್ಲ ಅಂದ ಸುಪ್ರೀಂ ಕೋರ್ಟ್ ಪೀಠದ ಮುಖ್ಯಸ್ಥೆ ಶಿರಾಣಿ ಬಂಡಾರನಾಯಕೆ ಮುಂದೆ ಮುಖ್ಯ ನ್ಯಾಯಮೂರ್ತಿಯಾದರು. ಸರ್ಕಾರಕ್ಕೆ ಹಿಡಿಸದ ತೀರ್ಪು ಕೊಟ್ಟ ಮೇಲೆ 2013ರ ಜನವರಿಯಲ್ಲಿ ಅದೇ ಸಂಸತ್ತು ಅವರನ್ನು ಮನೆಗೆ ಕಳಿಸಿತು.

ಮೂರನೇ ಅವಧಿಗೆ ನಿಂತ ರಾಜಪಕ್ಸ 2015ರ ಜನವರಿ 8ರಂದು ಸೋತರು. ಸೋಲಿಸಿದ್ದು ಅವರದೇ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಮೈತ್ರಿಪಾಲ ಸಿರಿಸೇನ. ಇನ್ನೂ ಸ್ವಾರಸ್ಯ ಏನು ಗೊತ್ತಾ? ಅದೇ ವರ್ಷ ಏಪ್ರಿಲ್‌ನಲ್ಲಿ ಅವಧಿ ಮಿತಿ ವಾಪಸ್ ತಂದ 19ನೇ ತಿದ್ದುಪಡಿಗೆ ಹೆಚ್ಚುಕಡಿಮೆ ಸರ್ವಾನುಮತದಿಂದ ಕೈ ಎತ್ತಿದ್ದು 2010ರಲ್ಲಿ ಆರಿಸಿ ಬಂದಿದ್ದ ಅದೇ ಸಂಸತ್ತು! ಅದೇ ಜನ, ಅದೇ ಕೈ. ಬದಲಾಗಿದ್ದು ಮೇಲೆ ಕೂತವರು ಯಾರು ಅನ್ನೋದಷ್ಟೇ. ರೂಸ್ವೆಲ್ಟ್ ಎದುರು ನಿಂತ ವೀಲರ್ ಆಗೋಕೆ ಅವರಿಗೆ ನಾಲ್ಕೂವರೆ ವರ್ಷ ಬೇಕಾಯ್ತು, ಅದೂ ಅಧ್ಯಕ್ಷರು ಸೋತ ಮೇಲೆ.

ಜೆ.ಆರ್. ಪಕ್ಷದ ಗತಿ? 168ರಲ್ಲಿ 140 ಗೆದ್ದಿದ್ದ ಯುಎನ್‌ಪಿ 2020ರಲ್ಲಿ 225ರಲ್ಲಿ ಒಂದೇ ಒಂದು ಸೀಟಿಗೆ ಇಳಿಯಿತು. ಕಾರ್ಯಾಂಗದ ಅಧ್ಯಕ್ಷಗಿರಿ ಮಾತ್ರ ಅಲ್ಲಾಡಲಿಲ್ಲ. 1994ರಲ್ಲಿ ಚಂದ್ರಿಕಾ ಕುಮಾರತುಂಗ ಅದನ್ನು ತೆಗೀತೀನಿ ಅಂದರು, 2005ರಲ್ಲಿ ರಾಜಪಕ್ಸ ಅಂದರು, 2015ರಲ್ಲಿ ಸಿರಿಸೇನ ಅಂದರು. ಕುರ್ಚಿ ಸಿಕ್ಕ ಮೇಲೆ ಒಬ್ಬರೂ ಅದನ್ನು ತೆಗೆಯಲಿಲ್ಲ.

ಮೇಷ್ಟ್ರು ಫೋನ್ ಮಾಡಿದ ಮುಂದಿನ ವಾರ, 2024ರ ನವೆಂಬರ್ 14ರಂದು, ಶ್ರೀಲಂಕಾದಲ್ಲಿ ಸಂಸತ್ ಚುನಾವಣೆ ನಡೆಯಿತು. ಜೆ.ಆರ್. ನಿಷೇಧಿಸಿದ್ದ ಅದೇ ಜೆವಿಪಿಯ ನಾಯಕ ಅನುರ ಕುಮಾರ ದಿಸಾನಾಯಕೆ ಆ ಹೊತ್ತಿಗೆ ಅಧ್ಯಕ್ಷರಾಗಿದ್ದರು. ಅವರ ಮೈತ್ರಿಕೂಟಕ್ಕೆ 225ರಲ್ಲಿ 159 ಬಂತು. ಓಟಿನ ಅನುಪಾತದ ಪದ್ಧತಿಯಲ್ಲಿ ಸಿಗೋದೇ ಕಷ್ಟ ಅಂತ ಜೆ.ಆರ್. ಅಂದುಕೊಂಡಿದ್ದ ಮೂರನೇ ಎರಡು ಬಹುಮತ. ಕಾರ್ಯಾಂಗದ ಅಧ್ಯಕ್ಷ ಪದ್ಧತಿ ತೆಗೀತೀವಿ ಅಂತ ಇವರ ಪ್ರಣಾಳಿಕೆಯಲ್ಲೂ ಇದೆ.

ಆ ರಾತ್ರಿ ನಾನೇ ಬುಲೆಟಿನ್ ಓದಿದ್ದು. ಈ ಸುದ್ದಿಯನ್ನು ನಾವು ಪರದೆಯ ಕೆಳಗೆ ಟಿಕ್ಕರ್‌ನಲ್ಲಿ ಓಡಿಸಿದೆವು. ಮೇಲೆ, ಪರದೆ ತುಂಬಾ, ಟ್ರಂಪ್ ಸಂಪುಟಕ್ಕೆ ಯಾರ್ಯಾರು ಅಂತ ಚರ್ಚೆ ನಡೀತಾ ಇತ್ತು.